ಬೇಡದ ಭಾರ

“ಇಷ್ಟು ಚಿಕ್ಕ ಇಂಜಿನ್ನು, ಎಲ್ಲಿ ಓಡುತ್ತೋ ಇದು?” ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ನೋಡಿ ಅಪ್ಪ ನಕ್ಕಿದ್ದರು.

“ಹಗುರ ಇದೆಯಲ್ಲಪ್ಪ, ಓಡುತ್ತೆ. ಬೇಡದ್ದನ್ನೆಲ್ಲ ತೆಗೆದಿಟ್ಟು ಇನ್ನೂ ಹಗುರ ಮಾಡಿದ್ದೀನಿ.”

ಭಾನುವಾರ ಊಟದ ನಡುವೆ ಅಪ್ಪ ಎದೆ ಹಿಡಿದುಕೊಂಡರು. ಆಂಬುಲೆನ್ಸಿಗೆ ಕಾಯುವ ತಾಳ್ಮೆ ಮಗನಿಗಿರಲಿಲ್ಲ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಕುರುಚಲು ಕಾಡಿನ ನಿರ್ಜನ ರಸ್ತೆಯಲ್ಲಿ ಕಾರು ಹಾರಿದಂತೆ ಓಡಿತು.

“ಪರವಾಗಿಲ್ವೋ, ಒಳ್ಳೇ ಸ್ಪೀಡೇ ಇದೆ,” ಅಂದರು ಅಪ್ಪ. ಅವರ ಅಂಗಿ ಬೆವರಿನಿಂದ ತೊಯ್ದಿತ್ತು.

ಅಷ್ಟರಲ್ಲಿ ಟೈರು ಒಡೆಯಿತು. ಕಾರು ವಾಲಾಡಿ ರಸ್ತೆಯಂಚಿನಲ್ಲಿ ನಿಂತಿತು. ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ.

“ಗಾಬರಿ ಬೀಳಬೇಡ. ಸ್ವಲ್ಪ ಹೊತ್ತು ತಡ್ಕೋತೀನಿ. ಬೇಗ ಸ್ಟೆಪ್ನಿ ಹಾಕು.”

ಮಗ ಸ್ಟೇರಿಂಗ್ ಬಿಡಲಿಲ್ಲ.

“ಅದು ಮನೇಲಿದೆ, ಅಪ್ಪ.”