ಕಟ್ಟೆಯ ಮೇಲೊಂದು ಹೊಳೆಯುವ ಕಲ್ಲು

"ಹೇಳಪಾ ಬಿ.ಎ., ಇದು ಬಂಗಾರ ಹೌದೋ ಅಲ್ಲೋ?" ಎಂದು ಪಕ್ಕದ ಹೊಲದ ಕರಿಬಸಯ್ಯ ಅಂಗೈಯಗಲದ ಕಲ್ಲೊಂದನ್ನು ಗುರುಗುಂಟಾದ ಅಗಸಿಕಟ್ಟೆಯ ಮೇಲೆ ಅಮರಗುಂಡಪ್ಪನ ಮುಂದಿಟ್ಟ. ಬೆಳಿಗ್ಗೆ ಅವನ ನೇಗಿಲಿಗೆ ಸಿಕ್ಕ ಕಲ್ಲು; ಒಳಗಿನ ಹಳದಿ ಗೆರೆ ಬಿಸಿಲಿಗೆ ಮಿರಿಮಿರಿ ಮಿಂಚುತ್ತಿತ್ತು. ಹಟ್ಟಿಯ ಚಿನ್ನದ ಗಣಿ ಮಗ್ಗುಲಲ್ಲೇ ಇರುವ ಊರು. ಕಟ್ಟೆಯ ಮೇಲಿದ್ದವರೆಲ್ಲ ಬಂಗಾರವೆಂದು ಆಗಲೇ ತೀರ್ಪು ಕೊಟ್ಟಾಗಿತ್ತು.

ಅಮರಗುಂಡಪ್ಪನ ತಂದೆ ಆದೆಪ್ಪ ಮೀಸೆ ತೀಡಿಕೊಂಡ. ನಿಜಾಮನ ಆಳಿಕೆ ಹೋದ ಮೇಲೆ ಊರಿಗೆ ಬಂದ ಮೊದಲ ಪದವಿ ಮಗನದು. ವಕೀಲಿ ಓದಿದವನು ಖಟ್ಲೆ ಗೆಲ್ಲಿಸುತ್ತಾನೆ, ಡಾಕ್ಟರಿಕೆ ಓದಿದವನು ಜ್ವರ ಬಿಡಿಸುತ್ತಾನೆ, ಈ ಬಿ.ಎ. ಯಾವ ಹೊಲಕ್ಕೆ ಗೊಬ್ಬರ ಎಂದು ವಾರದಿಂದ ಆಡಿಕೊಳ್ಳುತ್ತಿದ್ದವರ ಬಾಯಿ ಇವತ್ತು ಮುಚ್ಚಬೇಕು. ಮಗ ಕಲ್ಲನ್ನು ಎತ್ತಿದ, ತಿರುವಿ ನೋಡಿದ, ಮತ್ತೆ ಕೆಳಗಿಟ್ಟ.

"ನನಗ ಗೊತ್ತಿಲ್ರಿ ಕಾಕಾ."

ಕಟ್ಟೆಗೆ ಕಟ್ಟೆಯೇ ನಕ್ಕಿತು. ಆದೆಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. "ಹೈದರಾಬಾದಿನಾಗ ನಾಲ್ಕು ವರ್ಷ ಇದನ್ನ ಕಲ್ತು ಬಂದಿಯೇನಲೇ?"

"ನಗಬ್ಯಾಡ್ರೋ," ಎಂದಳು ಕಟ್ಟೆಯ ಕೆಳಗೆ ಶೇಂಗಾ ಸುಲಿಯುತ್ತಿದ್ದ ಆದೆಪ್ಪನ ತಾಯಿ ಜಂಬಮ್ಮ. "ನಾ ಈ ಊರಿಗೆ ಸೊಸಿಯಾಗಿ ಬಂದು ಐವತ್ತು ವರ್ಷಾತು. ಈ ಕಟ್ಟೀ ಮ್ಯಾಲೆ ಕುಂತು 'ಗೊತ್ತಿಲ್ಲ' ಅಂದ ಗಂಡಸನ್ನ ಇವತ್ತ ಮೊದಲ ಸಲ ನೋಡಾಕತ್ತೀನಿ."

ನಗು ನಿಂತಿತು. ಆದೆಪ್ಪ ಮೀಸೆಯಿಂದ ಕೈ ತೆಗೆದು, ಕಲ್ಲನ್ನು ಎತ್ತಿಕೊಂಡು, ಮಗನ ಪಕ್ಕಕ್ಕೆ ಸರಿದು ಕುಳಿತ.

"ನನಗೂ ಗೊತ್ತಿಲ್ಲಪಾ," ಎಂದ. "ತಿಳಕೊಳ್ಳೋದು ಹೆಂಗ, ಹೇಳು."