ಅಂಗೈ ಬಿಸಿ

ಏಳನೇ ತರಗತಿಯ ಮಕ್ಕಳ ಅಂಗೈಗಳಲ್ಲಿ ಪುಟ್ಟ ಕಂಪ್ಯೂಟರ್ ಬಿಲ್ಲೆಗಳು ಅವರವರು ಬರೆದ ಕೋಡ್‌ನಂತೆ ಮಿನುಗುತ್ತಿದ್ದವು. ದಾಕ್ಷಾಯಣಿಯದು ಮಾತ್ರ ಹೊತ್ತಿರಲಿಲ್ಲ. ಹೊರಗೆ ಜವಾನ, ಮೈಬಿಸಿಯಿಂದಲೇ ಕೂಗುವ ಕರೆಗಂಟೆಯನ್ನು ಆಗಲೇ ಕಂಕುಳಲ್ಲಿಟ್ಟು ಬಿಸಿಮಾಡುತ್ತಿದ್ದ. ಅದು ಕೂಗುವುದರೊಳಗೆ ಹೊತ್ತದ ಬಿಲ್ಲೆಯನ್ನು ಬೇರೆ ಮಗುವಿಗೆ ಕೊಡಬೇಕೆಂಬುದು ಶಾಲೆಯ ನಿಯಮ.

ಬೆಳಗಿನಿಂದ ಪಾಠ ಮಾಡಿ ದಣಿದಿದ್ದ ಮಹಾನಂದಾ ಟೀಚರ್, ಮಿನುಗುತ್ತಿದ್ದ ತಮ್ಮ ಬಿಲ್ಲೆಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಅವಳ ಕೋಡನ್ನು ಮತ್ತೊಮ್ಮೆ ಓದಿದರು. ಎಲ್ಲಿಯೂ ತಪ್ಪಿರಲಿಲ್ಲ.

"ಆಕಿ ಕೈ ಹಾವಿನ ಮೈಯಿದ್ದಂಗ ತಣ್ಣಗ ಐತ್ರಿ ಟೀಚರ್," ಎಂದಳು ಪಕ್ಕದ ಫರೀದಾ.

ಟೀಚರ್ ಆ ಕೈ ಮುಟ್ಟಿದರು. ಮೈಬಿಸಿಯಿಂದ ನಡೆಯುವ ಬಿಲ್ಲೆಗೆ ಅಲ್ಲಿ ಏನೂ ಸಿಗುವಂತಿರಲಿಲ್ಲ.

"ಮುಂಜಾನೆ ಏನ್ ತಿಂದೀಯವ್ವಾ?"

"ಬಾಂಡೆ ತಿಕ್ಕೂದ್ರಾಗ ಹೊತ್ತಾತ್ರಿ. ತಿನ್ನಾಕ ಆಗಲಿಲ್ರಿ."

ಟೀಚರ್ ಫ್ಲಾಸ್ಕಿನಲ್ಲಿ ತಮಗೆಂದು ಉಳಿಸಿಕೊಂಡಿದ್ದ ಚಹಾವನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟರು. "ಮೊದ್ಲ ಎರಡೂ ಕೈಲೆ ಹಿಡಕೋ. ಆಮ್ಯಾಲೆ ಕುಡಿ."

ಲೋಟ ಅರ್ಧವಾಗುವಷ್ಟರಲ್ಲಿ ದಾಕ್ಷಾಯಣಿ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದಳು. ಬೆರಳ ಸಂದಿಯಿಂದ ಹಳದಿ ಬೆಳಕು ಇಣುಕಿತು. ಹಿಂದೆಯೇ ಗಂಟೆ ಕೂಗಿತು.

ಮಕ್ಕಳು ಎದ್ದು ಹೋದರೂ ಅವಳು ಕದಲಲಿಲ್ಲ. ಟೀಚರ ಎಡಗೈಯ ಬಿಲ್ಲೆ ಯಾವಾಗಲೋ ಆರಿಹೋಗಿತ್ತು.

ಅವಳು ಲೋಟವನ್ನು ಚಾಚಿದಳು. "ಉಳಿದಿದ್ದು ನಿಮಗ್ರೀ."