ಎಡ ತಿರುವು

ರೇಸ್ ಕಾರಿನ ಬಲಗಡೆಯ ಮುಂಚಕ್ರದ ಹಿಂದಿನಿಂದ, ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್ ಕಳಚಿ ಕೈಗೆ ಬಂದದ್ದೇ ತಡ, ತಿಲಕವತಿ ಅದನ್ನು ಶೆಡ್ಡಿನ ಬಾಗಿಲ ಬೆಳಕಿಗೆ ಹಿಡಿದಳು. ತುದಿಯ ರಬ್ಬರ್ ಬುಷ್ ಸುತ್ತಲೂ ಹರಿದು ಬಾಯಿ ಬಿಟ್ಟಿತ್ತು. ಕಿರುಬೆರಳು ತೂರಿಸಿದರೆ ಆ ಕಡೆಯಿಂದ ಹೊರಗೆ ಬಂತು.

"ರೀ! ಇಲ್ಲಿ ನೋಡ್ರೀ!"

"ನೋಡಿದೆ. ಸವೆದಿದೆ, ಬದಲಾಯಿಸೋಣ. ಅದಕ್ಯಾಕೆ ಲಾಟರಿ ಹೊಡೆದವಳ ಹಾಗೆ ಕೂಗ್ತೀಯ?" ಎಂದ ಗಂಡ ಮಯಿಲ್‌ಸಾಮಿ, ಹೊಸ ಶಾಕ್ ಅಬ್ಸಾರ್ಬರಿನ ಡಬ್ಬಿ ಬಿಚ್ಚುತ್ತ.

ಅವಳಿಗೆ ಅದು ಲಾಟರಿಗಿಂತ ಹೆಚ್ಚು. ಚೆಟ್ಟಿಪಾಳ್ಯದ ರೇಸ್ ಟ್ರ್ಯಾಕಿನ ದೊಡ್ಡ ಎಡ ತಿರುವಿಗೆ ಬಂದಾಗಲೆಲ್ಲ ಪಾದದ ಕೆಳಗೆ ಧಡ್ ಎನ್ನುತ್ತಿತ್ತು, ಗಾಡಿಯ ಮೂತಿ ಒಂದು ಗೇಣು ಹೊರಗೆ ಸರಿಯುತ್ತಿತ್ತು, ಅವಳ ಕಾಲು ಆಕ್ಸಿಲರೇಟರಿನಿಂದ ಮೇಲೇಳುತ್ತಿತ್ತು. ಹೇಳಿದರೆ ಮಯಿಲ್‌ಸಾಮಿಯದು ಒಂದೇ ಉತ್ತರ: "ರೇಸ್ ಗಾಡಿ ಅಂದಮೇಲೆ ಸದ್ದು ಮಾಡುತ್ತೆ. ಭಯ ಇರೋದು ನಿನ್ನ ಕಾಲಲ್ಲಿ." ನೆಂಟರ ಮದುವೆಯ ಪಂಕ್ತಿಯಲ್ಲೂ ಇದನ್ನು ಹೇಳಿ ನಗಿಸಿದ್ದ. ಅವಳೂ ನಕ್ಕಿದ್ದಳು. ಹೇಳಿಸಿಕೊಂಡು ಹೇಳಿಸಿಕೊಂಡು ನಂಬಿಯೂ ಇದ್ದಳು. ಭಾನುವಾರದ ಸ್ಪರ್ಧೆಗೆ ಗಾಡಿಯನ್ನು ತನ್ನ ತಂಗಿಯ ಮಗಳು ಯಾಳಿನಿಗೆ ಕೊಡುವುದೆಂದು ಈ ವಾರ ಅವನೇ ತೀರ್ಮಾನಿಸಿಯೂ ಬಿಟ್ಟಿದ್ದ. ಹೆಸರು ಕೊಡಲು ಇವತ್ತು ಸಂಜೆಯೇ ಕೊನೆ. ಸವೆದದ್ದನ್ನೆಲ್ಲ ಬದಲಾಯಿಸಿದ ಮೇಲೆ ಒಂದೇ ಒಂದು ಸಲ ಓಡಿಸಿ ನೋಡುತ್ತೇನೆ ಎಂದು ತಿಲಕವತಿ ಹಟ ಹಿಡಿದು ಬಂದಿದ್ದಳು.

"ಎಡಕ್ಕೆ ತಿರುಗಿದ್ರೆ ಭಾರ ಎಲ್ಲ ಬೀಳೋದು ಈ ಬಲಗಡೆ ಆರ್ಮ್ ಮೇಲೆ. ಧಡ್ ಅಂತಿದ್ದದ್ದು ಇದು. ನನ್ನ ಕಾಲಲ್ಲ."

"ಪೊಂಗಲ್ ಹಬ್ಬಕ್ಕೆ ತಾನೇ ಹೊಸದು ಹಾಕಿದ್ದು? ಇಷ್ಟು ಬೇಗ ಹೇಗೆ ಹರೀತು?" ಎಂದ ಮೆಕ್ಯಾನಿಕ್ ಅರುಳ್‌ದಾಸ್.

ತಿಲಕವತಿ ನಿಧಾನವಾಗಿ ಗಂಡನ ಕಡೆ ತಿರುಗಿದಳು. "ಅವತ್ತು ನೀವು ಬೋಲ್ಟ್ ಬಿಗಿ ಮಾಡಿದ್ದು ಗಾಡಿ ಜ್ಯಾಕ್ ಮೇಲಿದ್ದಾಗಲೇ ತಾನೆ?"

ಮಯಿಲ್‌ಸಾಮಿ ಕತ್ತು ಕೆರೆದುಕೊಂಡ. "ಹೊತ್ತಾಗಿತ್ತು."

"ಈ ಶೆಡ್ಡಿಗೆ ಬಂದವರಿಗೆಲ್ಲ ನೀವೇ ಪಾಠ ಹೇಳ್ತೀರಿ! ಚಕ್ರ ನೆಲಕ್ಕೂರಿ, ಗಾಡಿ ತನ್ನ ಭಾರ ತಾನು ಹೊತ್ತು ನಿಂತಮೇಲೇ ಬಿಗಿ ಮಾಡಬೇಕು, ಇಲ್ಲದಿದ್ರೆ ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತೆ ಅಂತ."

"ಅದು ಬೇರೆಯವರ ಗಾಡಿಗೆ ಅಕ್ಕಾ," ಎಂದ ಅರುಳ್‌ದಾಸ್ ನಗು ತಡೆಯಲಾರದೆ. "ಅಣ್ಣನ ಗಾಡಿಗೆ ಅಣ್ಣನೇ ಕಾನೂನು."

"ನಿನ್ನ ಹಲ್ಲು ಒಳಗಿಟ್ಕೊಳ್ಳೋ!" ಎಂದು ಗದರಿದ ಮಯಿಲ್‌ಸಾಮಿ.

ಹೊಸ ಆರ್ಮ್, ಹೊಸ ಬುಷ್, ಹೊಸ ಶಾಕ್ ಅಬ್ಸಾರ್ಬರ್ ಕೂತವು. ಚಕ್ರ ಹಾಕಿ, ಜ್ಯಾಕ್ ಇಳಿಸಿ, ಗಾಡಿಯನ್ನು, ಕೆಳಗಿಳಿದು ಕೆಲಸ ಮಾಡಲು ಶೆಡ್ಡಿನ ನೆಲದಲ್ಲಿ ತೋಡಿದ್ದ ಗುಂಡಿಯ ಮೇಲೆ ತಳ್ಳಿ ನಿಲ್ಲಿಸಿದರು. ಅರುಳ್‌ದಾಸ್ ಸ್ಪ್ಯಾನರ್ ಎತ್ತಿಕೊಳ್ಳುವ ಮೊದಲೇ ತಿಲಕವತಿ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಗುಂಡಿಗಿಳಿದಳು. ತಲೆಯ ಮೇಲೆ ಗಾಡಿಯ ಇಡೀ ಭಾರವಿತ್ತು. ಬೋಲ್ಟಿನ ಕೊನೆಯ ತಿರುವನ್ನು ಅವಳೇ ಹಾಕಿದಳು. ಗ್ರೀಸ್ ಮೆತ್ತಿದ ಮುಖ ಹೊತ್ತು ಮೇಲೆ ಬಂದಾಗ ಎದೆ ಹೈಸ್ಕೂಲಿನ ಹುಡುಗಿಯದರಂತೆ ಹೊಡೆದುಕೊಳ್ಳುತ್ತಿತ್ತು.

ಮಧ್ಯಾಹ್ನದ ಟ್ರ್ಯಾಕ್ ಖಾಲಿಯಿತ್ತು. ಗಾಡಿ ನೆಲಕ್ಕೆ ಅಂಟಿಕೊಂಡೇ ಓಡಿತು. ಎಡ ತಿರುವು ಬಂತು. ಧಡ್ ಎನ್ನಲಿಲ್ಲ. ಮೂತಿ ಸರಿಯಲಿಲ್ಲ. ಆದರೂ ಅವಳ ಕಾಲು ತಾನಾಗಿ ಮೇಲೆದ್ದಿತು.

"ಮೊದಲಿನಷ್ಟೇ ಟೈಮು!" ಮಯಿಲ್‌ಸಾಮಿ ಸ್ಟಾಪ್‌ವಾಚ್ ಎತ್ತಿ ತೋರಿಸಿದ. "ಸಾಮಾನೆಲ್ಲ ಹೊಸದು. ಈಗೇನಂತೀಯ?"

ಏನೆನ್ನಲಿ? ಗಾಡಿಯಲ್ಲಿ ಸವೆದದ್ದನ್ನು ಕಳಚಿ ಎಸೆದಾಯಿತು. ತನ್ನೊಳಗೆ ಇನ್ನೂ ಯಾವುದೋ ಹಳೆಯದು ಕೂತಿತ್ತು. ಅದು ಎಲ್ಲಿದೆ, ಯಾವ ಸ್ಪ್ಯಾನರಿಗೆ ಸಿಗುತ್ತದೆ ಎಂದು ಅವಳಿಗೆ ತಿಳಿಯಲಿಲ್ಲ. ಆ ಕಡೆ ಅರುಳ್‌ದಾಸ್ ಫೋನನ್ನು ಅಂಗೈಯಿಂದ ಮುಚ್ಚಿಕೊಂಡು ಕೂಗಿದ: "ಭಾನುವಾರದ ರೇಸ್ ನಡೆಸೋ ಕ್ಲಬ್ಬಿನವರು ಅಣ್ಣಾ. ಹೆಸರು ಕೇಳ್ತಿದ್ದಾರೆ!"

"ಇನ್ನೊಂದು ಸುತ್ತು," ಎಂದಳು ತಿಲಕವತಿ. "ನೀವೂ ಹತ್ತಿ."

"ನಾನ್ಯಾಕೆ?"

"ನನ್ನ ಕಾಲಿನ ಭಯ ಹತ್ತಿರದಿಂದಲೇ ನೋಡ್ಕೊಳ್ಳಿ. ವಾಚ್ ಅರುಳ್ ಕೈಗೆ ಕೊಡಿ."

ಮಯಿಲ್‌ಸಾಮಿ ಗೊಣಗುತ್ತ ಹೆಲ್ಮೆಟ್ ಹಾಕಿ ಪಕ್ಕದಲ್ಲಿ ಕೂತ. ಈ ಗಾಡಿಯಲ್ಲಿ ಅವನು ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ನೇರ ರಸ್ತೆಯಲ್ಲಿ ಎಂಜಿನ್ ಕಿರುಚಿತು. ತಿರುವು ಹತ್ತಿರವಾಗುತ್ತಿದ್ದಂತೆ ಅವಳ ಕಾಲು ಮತ್ತೆ ಏಳಲು ಸಿದ್ಧವಾಯಿತು. ಅಷ್ಟರಲ್ಲಿ ಪಕ್ಕದಿಂದ ಕೂಗು ಬಂತು: "ಕಾಲೆತ್ತು ತಿಲಕಾ! ಕಾಲೆತ್ತು!"

ಈ ತಿರುವಿನಲ್ಲಿ ಅವಳು ಒಳಗೊಳಗೇ ಕೇಳಿಸಿಕೊಳ್ಳುತ್ತಿದ್ದ ಮಾತು ಅದೇ, ದನಿಯೂ ಅದೇ. ಅದನ್ನು ತನ್ನ ದನಿಯೆಂದುಕೊಂಡಿದ್ದಳು, ಇಷ್ಟು ದಿನ. ಅವಳ ಕಾಲು ಇದ್ದಲ್ಲೇ ಇತ್ತು. ಗಾಡಿ ಬಲ ಭುಜಕ್ಕೆ ಭಾರ ಕೊಟ್ಟು, ಗೆರೆ ಎಳೆದಂತೆ ತಿರುವನ್ನು ಸವರಿಕೊಂಡು ಹೊರಬಿತ್ತು. ಅವಳು ಜೋರಾಗಿ ನಕ್ಕಳು. ಹೆಲ್ಮೆಟ್ಟಿನೊಳಗೆ ತನ್ನ ನಗು ತನಗೇ ಹೊಸದಾಗಿ ಕೇಳಿಸಿತು.

ಗಾಡಿ ನಿಂತಾಗ ಅರುಳ್‌ದಾಸ್ ವಾಚನ್ನು ತಲೆಯ ಮೇಲೆ ಎತ್ತಿ ಹಿಡಿದು ಕುಣಿಯುತ್ತಿದ್ದ. ಇನ್ನೊಂದು ಕೈಯಿಂದ ಕಿವಿಗೆ ಫೋನ್ ಒತ್ತಿಕೊಂಡು, ಯಾರನ್ನೂ ಕೇಳದೆ, "ತಿಲಕವತಿ, ತಿಲಕವತಿ!" ಎಂದು ಅಕ್ಷರ ಅಕ್ಷರವಾಗಿ ಹೇಳುತ್ತಿದ್ದ. ಮಯಿಲ್‌ಸಾಮಿಗೆ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲಾಗುತ್ತಿರಲಿಲ್ಲ. ಎಳೆದಷ್ಟೂ ಅದು ಬಿಗಿಯಾಗುತ್ತಿತ್ತು. ತಿಲಕವತಿ ಬಾಗಿ ಅದನ್ನು ಬಿಚ್ಚಿಕೊಟ್ಟಳು.

"ಭಯ ಆಯ್ತೇನ್ರೀ?"

"ಛೆ, ಛೆ," ಎಂದ ಅವನು ಬೆವರು ಒರೆಸಿಕೊಳ್ಳುತ್ತ. "ಬುಷ್ ಹೊಸದಲ್ವಾ, ಅದಕ್ಕೇ ಕಾಲೆತ್ತು ಅಂದದ್ದು."